ಸುಂಕದವಳ ಮುಂದೆ

ಶೆಂಟಿಲ್ ಗಡಿಗೆ ಇನ್ನು ಎರಡೇ ಕಿಲೋಮೀಟರು.
ಹಳೇ ರಸ್ತೆಯ ಕೊನೆಯ ಪೆಟ್ರೋಲ್ ಬಂಕು,
ಅದರೊಳಗೆ ನನ್ನ ಗಾಜಿನ ಗೂಡು.
ಅತ್ತ ಹೋಗುವವರಿಗೆ ಆಸ್ಟ್ರಿಯದ ಚೀಟಿ,
ಇತ್ತ ಬಂದವರಿಗೆ ನಮ್ಮ ಸ್ಲೊವೇನಿಯದ್ದು.
ವಾರಕ್ಕೆ, ತಿಂಗಳಿಗೆ, ವರ್ಷಕ್ಕೆ.

ಇಪ್ಪತ್ತಾರು ವರ್ಷದಿಂದ ಇದೇ ಪಾಠ:
ಗಾಜಿನ ಎಡಗಡೆ, ಮೇಲ್ಗಡೆ ಅಂಟಿಸಿ,
ಬಣ್ಣದ ಪಟ್ಟಿಯ ಹಿಂದೆ ಅವಿತಿರಬಾರದು.
ಕೈಯಲ್ಲಿ ಹಿಡಿದು ತೋರಿಸಿದರೆ ನಡೆಯುವುದಿಲ್ಲ,
ಅಂಟಿದರೆ ಸುಂಕ, ಅಂಟದಿದ್ದರೆ ದಂಡ.
ಜನ ಹೂಂ ಅನ್ನುತ್ತಾರೆ, ಪರ್ಸು ತೆಗೆಯುತ್ತಾರೆ,
ಚಿಲ್ಲರೆ ಎಣಿಸುತ್ತ ತಮ್ಮದನ್ನು ಶುರುಮಾಡುತ್ತಾರೆ.
ಸುಂಕದವಳ ಮುಂದೆ ಸುಖದುಃಖ.

ಡೂಯಿಸ್‌ಬುರ್ಗಿನಿಂದ ಕೈಸೇರಿಗೆ ಹೊರಟ ನೂರ್ಹಾನ್,
ಕಾರಿನ ನೆತ್ತಿಗೆ ಬಟ್ಟೆ ಒಗೆಯುವ ಯಂತ್ರ ಬಿಗಿದಿದ್ದಳು.
'ಅತ್ತೆಗೆ' ಅಂದಳು. ನಗಲಿಲ್ಲ.
ಕ್ಯಾರವಾನು ಎಳೆದುಕೊಂಡು ಬಂದ ಡಚ್ಚರ ಮುದುಕ ಬೌಕೆ
ಅದಕ್ಕೂ ಒಂದು ಬೇಕೇ ಎಂದು ಮೂರು ಸಲ ಕೇಳಿದ,
ಬೇಡ ಅಂದರೆ ನಂಬದೆ ಕೊಂಡೇ ಹೋದ.
ಅವನ ನಿದ್ದೆಗೆ ಅದು ಬೆಲೆ, ನಾನೇನು ಮಾಡಲಿ.

ದುಡ್ಡು ಎಣಿಸಿಕೊಂಡ ಮೇಲೆ ನನ್ನ ಸರದಿ.
ಹಗಲಲ್ಲೂ ದೀಪ ಹಾಕಿ.
ನವೆಂಬರ್ ನಡುವಿನಿಂದ ಚಳಿಗಾಲದ ಟಯರು.
ವಾಹನ ಸಾಲುಗಟ್ಟಿ ನಿಂತರೆ ನಡುವೆ ಓಣಿ ಬಿಡಿ,
ಸೈರನ್ನು ಕೇಳಿದ ಮೇಲಲ್ಲ, ನಿಂತ ಕೂಡಲೇ.
ಆಮೇಲೆ, ಆ ಹೊಳೆಯುವ ಹಳದಿ ಅಂಗಿ,
ಎಲ್ಲಿಟ್ಟಿದ್ದೀರಿ?

ಡಿಕ್ಕಿಯಲ್ಲಿದೆ ಅನ್ನುತ್ತಾರೆ.
ಎಲ್ಲರೂ.

ಡಿಕ್ಕಿಯಲ್ಲೇ ಇತ್ತು ಸ್ರೆಚ್ಕೊನದೂ.
ಬೇಕರಿಯ ಪಾಳಿ, ಬೆಳಗಿನ ಜಾವ ಮೂರೂವರೆ,
ಪೆಸ್ನಿತ್ಸಾ ಇಳಿಜಾರು, ಚಾಚಿದ ಕೈಗೆ ಬೆರಳಿಲ್ಲದಂಥ ಮಂಜು.
ಟಯರು ಕೂತಿತು. ಇಳಿದ.
ಅಂಗಿ ತೊಡಲೆಂದೇ ಹಿಂದಕ್ಕೆ ನಡೆದ,
ನಿಯಮ ಪಾಲಿಸಲೆಂದೇ.
ಎಷ್ಟು ಹೆಜ್ಜೆಯಾದೀತು ಒಂದು ರೆನೋ ಕಾರಿಗೆ? ಐದು, ಆರು.
ಡಿಕ್ಕಿ ತೆರೆಯುವ ಮೊದಲೇ ಡಿಕ್ಕಿ.

ಪೊಲೀಸರು ತಂದುಕೊಟ್ಟರು ಆಮೇಲೆ,
ಪ್ಲಾಸ್ಟಿಕ್ಕಿನ ಚೀಲವನ್ನೂ ಒಡೆಯದ ಹೊಸ ಅಂಗಿ,
ಬೆಲೆಯ ಪಟ್ಟಿ ಸಮೇತ.
ನಾನೇ ಮಾರಿದ್ದು, ರಿಯಾಯಿತಿಯಲ್ಲಿ, ನನ್ನ ಗಂಡನಿಗೆ.
ಸ್ರೆಚ್ಕೊ ಅಂದರೆ ನಮ್ಮ ಮಾತಿನಲ್ಲಿ ಅದೃಷ್ಟವಂತ.

ಇದನ್ನು ಯಾರಿಗೂ ಹೇಳುವುದಿಲ್ಲ.
'ಸೀಟಿನ ಕೆಳಗೆ' ಅನ್ನುತ್ತೇನೆ, ಅಷ್ಟೇ,
'ಕೂತಲ್ಲಿಂದಲೇ ಕೈಗೆ ಸಿಗಬೇಕು.'

ಹೋದ ನವೆಂಬರಿನಲ್ಲಿ ಲಿಂಟ್ಸಿನಿಂದ ಬಂದ ರೆಫೀಕ್.
ಬೋಸ್ನಿಯದ ಪ್ರಿಯೆದೋರಿಗೆ, ಅಣ್ಣನ ಮಣ್ಣಿಗೆ.
ಹೋಗಿಬರಲು ಎರಡು ದಿನ, ವಾರದ ಚೀಟಿ ಯಾಕೆ ಅಂದ.
ಅದಕ್ಕಿಂತ ಚಿಕ್ಕದಿಲ್ಲ ಅಂದೆ.
'ಅಪ್ಪನ ಫಿಯಾಟಿನಲ್ಲಿ ಅಣ್ಣನೂ ನಾನೂ ಹಿಂದೆ ಕೂತು
ಇದೇ ದಾರಿಯಲ್ಲಿ ಬರುತ್ತಿದ್ದೆವು.
ಊರಿನ ತನಕ ದೇಶ ಒಂದೇ ಇತ್ತು,'
ಎಂದವನು ಬೆರಳು ಮಡಿಚಲು ಹೋಗಿ ಬಿಟ್ಟುಬಿಟ್ಟ.
ಅವನ ಅಂಗಿಯೂ ಡಿಕ್ಕಿಯಲ್ಲೇ.
'ಈಗಲೇ ತೆಗೀರಿ,' ದನಿ ಏರಿತೇನೋ,
ನನ್ನ ಮುಖ ನೋಡಿದ,
ಮಾತಿಲ್ಲದೆ ಹೋಗಿ ತೆಗೆದು ಕೋಟಿನ ಮೇಲೇ ತೊಟ್ಟುಕೊಂಡ.

ಮರುದಿನ ರಾತ್ರಿ ವಾಪಸು ಬಂದಾಗಲೂ ಮೈಮೇಲಿತ್ತು.
'ಮಣ್ಣು ಕೊಡುವಾಗಲೂ ತೆಗೆಯಲು ಮರೆತೆ,' ಅಂದ,
'ಅತ್ತಿಗೆಯ ಮನೆಯವರೆಲ್ಲ ಕರೀ ಕೋಟಿನಲ್ಲಿ,
ನಡುವೆ ನಾನೊಬ್ಬ ರಸ್ತೆ ರಿಪೇರಿಯವನ ಹಾಗೆ.'
ತೋಳಿನ ಕೆಳಗಿನ ಬೆಳ್ಳಿಪಟ್ಟಿಗೆ ಕೆಸರು ಒಣಗಿತ್ತು.

ಕಾಫಿ ಕೊಟ್ಟೆ. ದುಡ್ಡು ಬೇಡವೆಂದೆ.
ಗಾಜಿನ ಮೇಲಿನ ಚೀಟಿಯನ್ನು ಉಗುರಿನಿಂದ ಎಬ್ಬಿಸಲು ನೋಡಿದ,
'ಇನ್ನೂ ಐದು ದಿನ ಉಳಿದಿದೆ, ಯಾರಿಗಾದರೂ ಆದೀತು.'
ಆಗುವುದಿಲ್ಲ. ಕಿತ್ತರೆ ಹರಿಯುವ ಹಾಗೆಯೇ
ಮಾಡಿರುತ್ತಾರೆ ಅದನ್ನು.
ಗೊತ್ತಿದ್ದೂ ಸುಮ್ಮನೆ ನಿಂತೆ,
ಅವನು ಕೆರೆಯುತ್ತಲೇ ಇದ್ದ.